ಕೆಂಚಿಯ ಎರಡು ಸೇರು ಅಕ್ಕಿ

ಯಲ್ಲಕ್ಕ ಮೂರು ಸಂಜೆ ಭತ್ತ ಕುಟ್ಟಿದಳು. ಹಗಲೆಲ್ಲ ಗೌಡರ ಗದ್ದೆಯಲ್ಲಿ ಬಗ್ಗಿ ಕೊಯ್ದ ಸೊಂಟ ಒರಳಿನ ಮುಂದೆ ನೆಟ್ಟಗಾಗಲು ಒಪ್ಪುತ್ತಿರಲಿಲ್ಲ. ಆದರೂ ನಿಂತಳು. ಅಂಗೈಯ ಬೊಬ್ಬೆ ಒಡೆದು ಒನಕೆಗೆ ಅಂಟಿಕೊಂಡಿತು. ಅರಿವೆಯ ತುಂಡು ಸುತ್ತಿಕೊಂಡು ಮತ್ತೆ ಕುಟ್ಟಿದಳು. ಹೊಟ್ಟು ಹಾರಿಸಿದಳು, ಮೊರದಲ್ಲಿ ನುಚ್ಚು ಬೇರೆ ಮಾಡಿದಳು, ಕಲ್ಲು ಆರಿಸಿದಳು. ಹನ್ನೆರಡು ದಿನ ಕೊಯ್ದಿದ್ದಕ್ಕೆ ಕೂಲಿಯಾಗಿ ಬಂದ ಭತ್ತ ಅದು. ಮನೆಯಲ್ಲಿ ರಾಗಿ ಅಂಬಲಿ ಕುಡಿದುಕೊಂಡು ಅದನ್ನು ಮುಟ್ಟದೆ ಇಟ್ಟಿದ್ದಳು.

ಕೇರಿಯ ಹಿರಿಯ ಸಣ್ಣತಿಮ್ಮಪ್ಪ ಕೋಲೂರಿಕೊಂಡು ಬಂದು ನಿಂತ.

"ಏನವ್ವಾ ಯಲ್ಲಿ, ಮೂರು ದಿನದಿಂದ ಒನಕೆ ಸಪ್ಪಳ. ಹುಡುಗೀಗೆ ಗಂಡು ಗೊತ್ತು ಮಾಡೀಯೇನು?"

"ಹತ್ತು ವರ್ಷದ ಹುಡುಗಿಗೆ ಎಂಥ ಗಂಡು ಮಾವ? ಇಸ್ಕೂಲಿನ ಊಟಕ್ಕೆ ಇದು. ಹರಿಹರದಾಗೆ ಊಟ ಐತಂತೆ."

ಮುದುಕ ಮೊರದೊಳಗೆ ಬಗ್ಗಿ ನೋಡಿದ. ಅವನ ನಗೆ ನಿಂತಿತು.

"ಅಕ್ಕಿ ಕೊಡ್ತೀಯಾ? ತಲೆ ನೆಟ್ಟಗೈತಾ ನಿಂಗೆ? ಕೇರಿಯಿಂದ ಊರಿಗೆ ಹೋಗೋ ಕಾಳು ಹೊಟ್ಟಿನಾಗೇ ಹೋಗ್ಬೇಕು. ನಮ್ಮಜ್ಜನ ಕಾಲದಿಂದ ಹಂಗೇ ಐತೆ. ಹೊಟ್ಟು ಬಿಡಿಸಿ ನಮ್ಮ ಕೈ ತಾಗಿತು ಅಂದ್ರೆ ಅವರಿಗೆ ಅದು ಮೈಲಿಗೆ. ಭತ್ತ ಕೊಡು, ಸುಮ್ನಿರು."

"ಚೀಟಿಯಾಗೆ ಅಕ್ಕಿ ಅಂತ ಐತೆ ಮಾವ."

"ಚೀಟಿ ಬರೆದೋನಿಗೆ ನೀನು ನೆನಪಾಗಿರಾಕಿಲ್ಲ."

ಯಲ್ಲಕ್ಕ ಮಗಳನ್ನು ಕೂಗಿದಳು. ಕೆಂಚಿ ಚೀಟಿ ಹಿಡಿದು, ಶಾಲೆಯಲ್ಲಿ ಪಾಠ ಒಪ್ಪಿಸುವಷ್ಟೇ ಗಂಭೀರವಾಗಿ ಓದಿದಳು. ಮೂರು ಹಳ್ಳಿಯ ಪ್ರಾಥಮಿಕ ಶಾಲೆಗಳ ಮಕ್ಕಳು ಒಟ್ಟುಗೂಡಿ ಶನಿವಾರ ಹರಿಹರಕ್ಕೆ ಪ್ರವಾಸ ಹೋಗುವುದು. ಹೊಳೆಯ ದಂಡೆಯಲ್ಲಿ ಊಟ. ಆಮೇಲೆ ರೈಲಿನಲ್ಲಿ ದಾವಣಗೆರೆಗೆ ಹೋಗಿ ಹತ್ತಿ ಗಿರಣಿ ನೋಡುವುದು. ಬೇಳೆ, ತುಪ್ಪ ಮತ್ತು ಗಾಡಿಗಳು ಉಜ್ಜನಗೌಡರ ಮನೆಯಿಂದ. ಬೆಲ್ಲ ದಾವಣಗೆರೆಯ ಸಾಹುಕಾರ್ ಮುರುಗೇಶಪ್ಪನವರಿಂದ. ಪ್ರತಿ ಮಗುವಿನ ಮನೆಯಿಂದ ಎರಡು ಸೇರು ಹಸನಾದ ಅಕ್ಕಿ.

"ಕೇಳಿದೆಯಾ ಮಾವ? ಪ್ರತಿ ಮಗುವಿನ ಮನೆ. ನನ್ನದು ಮನೆ ಅಲ್ವಾ?"

ಸಣ್ಣತಿಮ್ಮಪ್ಪ ಕೋಲೂರಿಕೊಂಡು ಹೊರಟುಹೋದ. ಯಲ್ಲಕ್ಕನಿಗೆ ಆ ಕಟ್ಟಳೆ ಗೊತ್ತಿರಲಿಲ್ಲ ಅಂತಲ್ಲ. ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೆ ಅವಳ ಜನ್ಮದಲ್ಲಿ ಒಂದು ಕಾಗದ ಅವಳ ಮನೆಗೆ ಬಂದದ್ದು ಅದೇ ಮೊದಲು. ಅದನ್ನು ಅವಳ ಮಗಳೇ ಓದಿ ಹೇಳಿದ್ದಳು. ಕಾಗದ ಹೇಳಿದಂತೆ ಮಾಡಬೇಕು ಅನ್ನಿಸಿತು. ಅದೇ ಅವಳ ತಪ್ಪು.

ಇನ್ನೊಂದು ಮಾತೂ ಇತ್ತು. ಕೆಂಚಿ ನಾಲ್ಕು ವರ್ಷದಿಂದ ಶಾಲೆಯ ಜಗಲಿಯ ಮೇಲೆ ಕೂತು ಓದುತ್ತಿದ್ದಳು. ಕೇರಿಯಿಂದ ಶಾಲೆಗೆ ಹೋಗುವವಳು ಅವಳೊಬ್ಬಳೇ. ಬಾಗಿಲ ಸಂದಿಯಿಂದ ಹಲಗೆಯ ಅರ್ಧ ಮಾತ್ರ ಕಾಣುತ್ತಿತ್ತು. ಕಾಣದ ಅರ್ಧವನ್ನು ಕಿವಿಯಿಂದ ಕಲಿತಳು. ಮಳೆ ಬಂದರೆ ನೆನೆಯುತ್ತಿದ್ದಳು. ಪಾಟಿಯ ಮೇಲೆ ಬರೆದದ್ದು ಹನಿಗೆ ಅಳಿಸಿಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದಳು. ಆದರೂ ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಒಳಗೆ ಯಾರೂ ಇರಲಿಲ್ಲ. ಪ್ರವಾಸದ ಸುದ್ದಿ ಕೇಳಿ ಯಲ್ಲಕ್ಕ ಶಾಲೆಯ ಅಂಗಳದಲ್ಲಿ ನಿಂತು ವಾಮದೇವಪ್ಪ ಮಾಸ್ತರನ್ನು ಕೇಳಿದ್ದಳು. ಮಾಸ್ತರು ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದ್ದರು.

"ಇನ್ಸ್‌ಪೆಕ್ಟರ್ ಸಾಹೇಬ್ರು ಬರ್ತಾರೆ. ಎಲ್ಲ ಮಕ್ಕಳೂ ಒಂದೇ ಸಾಲಿನಾಗೆ ಉಣ್ಬೇಕು ಅಂತ ಸರ್ಕಾರದ ಆರ್ಡರ್ ಐತೆ. ಒಂದು ಸಲ ನಿನ್ನ ಮಗಳು ಎಲ್ಲರ ಜೊತೆ ಕೂತು ಉಂಡ್ಲು ಅಂದ್ರೆ ಆಮೇಲೆ ಯಾರೂ ಬಾಯಿ ಬಿಡಂಗಿಲ್ಲ. ಸೋಮವಾರದಿಂದ ಒಳಗೆ ಕೂರಿಸ್ತೀನಿ. ನನ್ನ ಮಾತು ಇದು."

ಆ ಒಂದು ಮಾತಿಗಾಗಿ ಯಲ್ಲಕ್ಕ ಮೂರು ಸಂಜೆ ಕುಟ್ಟಿದಳು.

ಶುಕ್ರವಾರ ಶಾಲೆಯ ಅಂಗಳದಲ್ಲಿ ಗೋಣಿಚೀಲ ಬಾಯಿ ತೆರೆದುಕೊಂಡು ನಿಂತಿತ್ತು. ಮಾಸ್ತರು ಪಟ್ಟಿ ಹಿಡಿದು ಕೂತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಅಕ್ಕಿ ಸುರಿದರು. ಕೆಂಚಿ ಕೊನೆಗೆ ಬಂದು ಗಂಟು ಬಿಚ್ಚಿದಳು. ಮಾಸ್ತರ ಕಣ್ಣು ಪಟ್ಟಿಯ ಮೇಲಿತ್ತು. "ಸುರಿ, ಸುರಿ, ಹೊತ್ತಾತು" ಅಂದರು. ಅವಳು ಸುರಿದಳು. ಊರಿನ ಅಕ್ಕಿಯೊಳಗೆ ಕೇರಿಯ ಅಕ್ಕಿ ಬಿತ್ತು. ಯಾವುದು ಯಾರದು ಎಂದು ಆಮೇಲೆ ಯಾರಪ್ಪನಿಗೂ ಹೇಳಲು ಸಾಧ್ಯವಿರಲಿಲ್ಲ.

ಶನಿವಾರ ಬೆಳಕು ಹರಿಯುವಾಗ ಆರು ಗಾಡಿ ಹೊರಟವು. ಕೆಂಚಿ ಒಗೆದ ಲಂಗ ಉಟ್ಟು, ಎಣ್ಣೆ ಹಚ್ಚಿದ ತಲೆಗೆ ಚೆಂಡುಹೂವು ಸಿಕ್ಕಿಸಿಕೊಂಡು ಕೊನೆಯ ಗಾಡಿಯ ಹತ್ತಿರ ಬಂದಳು. ಗಾಡಿಯಲ್ಲಿ ಇಬ್ಬರು ಕೂರುವಷ್ಟು ಜಾಗವಿತ್ತು.

"ಗಾಡಿ ತುಂಬೈತೆ" ಅಂದ ಉಜ್ಜನಗೌಡ. ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗದ್ದೆ ಅವನದು. ಉಳಿದದ್ದರ ಮೇಲೆ ಮಾತು ಅವನದು. "ನಡೀಲಿ ಬಿಡ್ರಿ. ಕಾಲಿಲ್ವಾ ಅದಕ್ಕೆ?"

ಅಡಿಗೆಗೆ ಬೇಕಾದ ಸೌದೆ ಹೊರುವ ಬಿಟ್ಟಿ ಚಾಕರಿ ಯಲ್ಲಕ್ಕನದು. ತಲೆಯ ಮೇಲೆ ಹೊರೆ, ಪಕ್ಕದಲ್ಲಿ ಮಗಳು, ಮುಂದೆ ಗಾಡಿಯ ಧೂಳು. ನಂದಿಗುಡಿ ಕಡೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಎರಡು ಹರದಾರಿ ಹಾಗೆಯೇ ನಡೆದರು. ಗಾಡಿಯ ಮೇಲಿನ ಹುಡುಗರು ಕಡಲೆಕಾಯಿ ತಿಂದು ಸಿಪ್ಪೆಯನ್ನು ಕೆಂಚಿಯ ಮೇಲೆ ಎಸೆದರು. ಒಂದು ಸಿಪ್ಪೆ ಕಣ್ಣಿಗೆ ತಾಗಿತು. ಕೆಂಚಿ ಕಣ್ಣು ಉಜ್ಜಿಕೊಂಡಳು, ಅಳಲಿಲ್ಲ.

"ಅವ್ವ, ರೈಲಿನಾಗೂ ನಾನು ಹಿಂದೆ ಓಡ್ಬೇಕಾ?"

"ಇಲ್ಲ ಮಗಾ. ರೈಲು ಗೌಡಂದಲ್ಲ."

ಹರಿಹರದ ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಎದ್ದಿದ್ದವು. ಯಲ್ಲಕ್ಕ ಮರಳು ನೆಲದಲ್ಲಿ ಮೂರು ಒಲೆಗುಂಡಿ ತೋಡಿದಳು. ಕೊಡಲಿ ಹಿಡಿದು ಸೌದೆ ಸೀಳಿದಳು. ಬೆವರು ಕಣ್ಣೊಳಗೆ ಇಳಿಯಿತು. ಬೆಂಕಿ ಹತ್ತಿದ ಮೇಲೆ ಅಡಿಗೆಯವನು "ಆಚೆಗೆ ಹೋಗೇ, ಬಿಸಿ ಅನ್ನಕ್ಕೆ ನಿನ್ನ ನೆರಳು ಬ್ಯಾಡ" ಅಂದ. ಅವಳು ಅರವತ್ತು ಹೆಜ್ಜೆ ದೂರ ಹೋಗಿ ಬಂಡೆಯ ಮೇಲೆ ಕೂತಳು. ಅಲ್ಲಿಂದ ಅನ್ನದ ವಾಸನೆ ಬರುತ್ತಿತ್ತು. ಅದರಲ್ಲಿ ತನ್ನದೂ ಇದೆ ಎಂದು ಅವಳಿಗೆ ಹಿಗ್ಗಾಯಿತು.

ದಾವಣಗೆರೆಯಿಂದ ಇನ್ಸ್‌ಪೆಕ್ಟರ್ ಜೀಪಿನಲ್ಲಿ ಬಂದರು. ಮೂರು ಹಳ್ಳಿಯ ಹಿರಿಯರು, ಮಕ್ಕಳ ಅಪ್ಪಂದಿರು ಸುತ್ತ ನಿಂತಿದ್ದರು. ನೂರಾ ಹತ್ತು ಮಕ್ಕಳು ಸಾಲಾಗಿ ಕೂತರು. ಕೆಂಚಿಯ ಜಾಗ ಸಾಲಿನ ಬಾಲದಲ್ಲಿ. ಅವಳಿಗೂ ಮುಂದಿನ ಹುಡುಗಿಗೂ ನಡುವೆ ಎರಡು ಮಾರು ಬಿಟ್ಟಿದ್ದರು. ಆದರೂ ಸಾಲು ಒಂದೇ. ಯಲ್ಲಕ್ಕ ಬಂಡೆಯ ಮೇಲೆ ಎದ್ದು ನಿಂತು ನೋಡಿದಳು. ಒಂದೇ ಸಾಲು. ಅವಳಿಗೆ ಅಷ್ಟು ಸಾಕಾಗಿತ್ತು.

ಬಡಿಸುತ್ತಾ ಬಂದವರು ಕೆಂಚಿಯ ಹತ್ತಿರ ಬರುವ ಹೊತ್ತಿಗೆ ಉಳಿದವರು ಅರ್ಧ ಉಂಡಿದ್ದರು. ಅವಳ ಎಲೆ ಇನ್ನೂ ಖಾಲಿ. ಇನ್ಸ್‌ಪೆಕ್ಟರ್ ಸಾಲಿನುದ್ದಕ್ಕೂ ನಡೆಯುತ್ತಾ, ಮಕ್ಕಳನ್ನು ಮಾತಾಡಿಸುತ್ತಾ ಅವಳ ಮುಂದೆ ಬಂದು ನಿಂತರು.

"ನಿನ್ನ ಹೆಸರೇನಮ್ಮ?"

ಕೆಂಚಿ ಎದ್ದು ನಿಂತಳು. "ಕೆಂಚಮ್ಮ ಸಾರ್. ನಾಲ್ಕನೇ ಕ್ಲಾಸು."

"ಭೇಷ್. ಊರವರೆಲ್ಲ ಕೂಡಿ ಇಷ್ಟು ಚೆಂದ ಊಟ ಹಾಕಿದಾರಲ್ಲ, ನಿಮ್ಮ ಮನೆಯಿಂದ ಏನು ಕೊಟ್ರಿ?"

"ಎರಡು ಸೇರು ಅಕ್ಕಿ ಸಾರ್. ನಮ್ಮವ್ವನೇ ಮೂರು ದಿನ ಕುಟ್ಟಿದ್ದು. ಒಂದು ನುಚ್ಚು ಇಲ್ಲ, ಬೇಕಾದ್ರೆ ನೋಡ್ರಿ."

ಬಡಿಸುವವನ ಸೌಟು ಅಲ್ಲೇ ನಿಂತಿತು. ಸಾಲಿನಲ್ಲಿ ಮೊದಲು ದೊಡ್ಡ ಹುಡುಗರ ಕೈ ನಿಂತವು, ಆಮೇಲೆ ಸಣ್ಣವರದು. ಇನ್ಸ್‌ಪೆಕ್ಟರಿಗೂ ಅರ್ಥವಾಯಿತು. ಅವರಿಗಾಗಿ ಮರದ ಕೆಳಗೆ ಬೇರೆ ಎಲೆ ಹಾಕಿತ್ತು. ಅವರು ಗಡಿಯಾರ ನೋಡಿಕೊಂಡರು. "ದಾವಣಗೆರೆಯಲ್ಲಿ ಮೀಟಿಂಗ್ ಇದೆ ಗೌಡರೇ, ನನಗೆ ಎರಡು ಬಾಳೆಹಣ್ಣು ಸಾಕು" ಅಂದರು. ಹಣ್ಣು ತಿಂದು, ಪುಸ್ತಕದಲ್ಲಿ 'ಸರ್ವ ಜಾತಿಯ ಮಕ್ಕಳ ಸಹಭೋಜನ ಯಶಸ್ವಿಯಾಯಿತು' ಎಂದು ಬರೆದು, ಮಾಸ್ತರ ಸಹಿ ಪಡೆದು ಜೀಪು ಹತ್ತಿದರು.

ಜೀಪಿನ ಧೂಳು ಅಡಗುವವರೆಗೆ ಉಜ್ಜನಗೌಡ ಕೈ ಮುಗಿದುಕೊಂಡೇ ಇದ್ದ. ಆಮೇಲೆ ಕೈ ಬಿಟ್ಟ.

"ಯಲ್ಲೀ, ಬಾರೇ ಇಲ್ಲಿ."

ಅವಳು ಬಂದು ದೂರದಲ್ಲಿ ನಿಂತಳು.

"ಮೇಷ್ಟ್ರೇ, ಅಕ್ಕಿ ಅಳೆಸಿಕೊಂಡೋರು ನೀವು. ಇವಳ ಅಕ್ಕಿ ಚೀಲಕ್ಕೆ ಬಿತ್ತಾ?"

ವಾಮದೇವಪ್ಪ ಮಾಸ್ತರ ಮುಖ ಬಿಳಿಚಿತು. "ನಾನು ನೋಡ್ಲಿಲ್ಲ ಗೌಡ್ರೇ. ಆ ಹುಡುಗಿ ಕದ್ದು ಸುರಿದಿರಬೇಕು."

"ಕದ್ದು?" ಅಂದಳು ಯಲ್ಲಕ್ಕ. "ಕದ್ದು ತಗಂಡು ಹೋಗೋರ್ನ ಕಂಡೀನಿ. ಕದ್ದು ಕೊಡೋರ್ನ ನೀವು ಎಲ್ಲಿ ಕಂಡ್ರಿ ಮೇಷ್ಟ್ರೇ?"

"ಮುಚ್ಚೇ ಬಾಯಿ!" ಅಂದ ಗೌಡ. ನಂತರ ಅವನ ದನಿ ಮೆತ್ತಗಾಯಿತು. ಮೂರು ಹಳ್ಳಿಯ ಹಿರಿಯರು ಅವನ ಮುಖವನ್ನೇ ನೋಡುತ್ತಿದ್ದರು. ಎಲ್ಲರ ಮಕ್ಕಳೂ ಉಂಡಿದ್ದರು. ಅವನ ಮೊಮ್ಮಗಳೂ ಉಂಡಿದ್ದಳು. "ನೋಡು ಯಲ್ಲಿ. ಹುಡುಗಿ ಸಣ್ಣದು. ಸಾಹೇಬ್ರನ್ನ ನೋಡಿ ಜಂಬ ಕೊಚ್ಚಿಕೊಂಡೈತೆ. ನೀನು ಅಕ್ಕಿ ಕೊಟ್ಟೇ ಇಲ್ಲ. ಭತ್ತ ಕೊಟ್ಟೆ, ನಮ್ಮ ಮನೇಲಿ ಕುಟ್ಟಿಸಿದ್ವಿ. ಅಲ್ವೇನ್ರಿ ಮೇಷ್ಟ್ರೇ?"

"ಹೌದ್ರಿ ಗೌಡ್ರೇ. ಹಂಗೇ ಆಗಿದ್ದು. ಈಗ ನೆನಪಾತು."

"ಕೇಳಿದೆಯಲ್ಲ? ಎಲ್ಲರ ಮುಂದೆ ಮಗಳ ಕೆನ್ನೆಗೆ ಒಂದು ಹಾಕು. 'ಸುಳ್ಳು ಬೊಗಳಬ್ಯಾಡ' ಅನ್ನು. ಮುಗೀತು. ಮಕ್ಕಳು ಉಣ್ತಾವೆ. ನಿನ್ನ ಮಗಳೂ ಉಣ್ಣಲಿ, ರೈಲು ಹತ್ತಲಿ. ನಾನೇ ಕೂರಿಸ್ತೀನಿ."

ಮಾಸ್ತರು ಎರಡು ಹೆಜ್ಜೆ ಹತ್ತಿರ ಬಂದು ಪಿಸುಗುಟ್ಟಿದರು. "ಅಂದುಬಿಡು ಯಲ್ಲಕ್ಕ. ಒಂದು ಮಾತು ಅಷ್ಟೆ. ಸೋಮವಾರ ಒಳಗೆ ಕೂರಿಸ್ತೀನಿ, ನನ್ನ ಮಕ್ಕಳಾಣೆ. ಅವಳ ಓದಿಗೆ ಕಲ್ಲು ಹಾಕಬ್ಯಾಡ."

ಯಲ್ಲಕ್ಕ ಮಗಳ ಹತ್ತಿರ ಹೋದಳು. ಕೆಂಚಿ ಖಾಲಿ ಎಲೆಯ ಹಿಂದೆ ಇನ್ನೂ ನಿಂತೇ ಇದ್ದಳು. ಒಂದು ಏಟು, ಒಂದು ಮಾತು. ಈ ಹುಡುಗಿಗೆ ಬಡಿದಿಲ್ಲವೇ ಯಾವತ್ತೂ? ಬಡಿದಿದ್ದಾಳೆ. ಕೊಡ ಒಡೆದಾಗ, ಕೋಳಿ ನಾಯಿಪಾಲಾದಾಗ. ಒಂದು ಏಟಿಗೆ ಮಗಳು ಹೊಸ್ತಿಲು ದಾಟುತ್ತಾಳೆ. ಯಲ್ಲಕ್ಕ ಕೈ ಎತ್ತಿದಳು ಕೂಡ.

ಕೆಂಚಿ ಹೆದರಲಿಲ್ಲ. ಕೆನ್ನೆ ಮುಚ್ಚಿಕೊಳ್ಳಲಿಲ್ಲ. ಅವ್ವನ ಅಂಗೈಯಲ್ಲಿ ಇನ್ನೂ ಸುತ್ತಿದ್ದ ಅರಿವೆ ತುಂಡನ್ನು ನೋಡುತ್ತಾ ನಿಂತಳು.

ಎತ್ತಿದ ಕೈ ಇಳಿಯಿತು.

"ನನ್ನ ಮಗಳು ಸುಳ್ಳು ಹೇಳಿಲ್ಲ" ಅಂದಳು ಯಲ್ಲಕ್ಕ. ದೊಡ್ಡದಾಗಿಯೇ ಅಂದಳು, ಸಾಲಿನ ಆ ತುದಿಗೂ ಕೇಳುವಂತೆ. "ಅಕ್ಕಿ ನಾನು ಕುಟ್ಟಿದ್ದು. ನನ್ನ ಒರಳು, ನನ್ನ ಒನಕೆ. ನಿಮ್ಮ ಮಕ್ಕಳು ಉಂಡಿದ್ದು ಅದನ್ನೇ. ನಾಟಿಗೆ ನನ್ನ ಕೈ ಬೇಕು, ಕೊಯ್ಲಿಗೆ ನನ್ನ ಕೈ ಬೇಕು. ಹೊಟ್ಟು ಬಿಡಿಸಿದ ಕೂಡ್ಲೇ ಅದೇ ಕೈ ಹೇಸಿಗೆ ಆತಾ? ಅನ್ನಲ್ಲ. ಸತ್ರೂ ಅನ್ನಲ್ಲ."

ಮೊದಲ ಏಟು ಬೆನ್ನಿಗೆ ಬಿತ್ತು. ಅವಳೇ ಹೊತ್ತು ತಂದು ಸೀಳಿದ ಸೌದೆ ಅದು. ಗೌಡನ ಮೂವರು ಆಳುಗಳು ಬಡಿದರು. ಎರಡನೆಯದೋ ಮೂರನೆಯದೋ ಏಟಿಗೆ ಎಡಗೈ ಅಡ್ಡ ಹಿಡಿದಳು. ಮೊಣಕೈಯ ಕೆಳಗೆ ಲಟಕ್ಕೆಂದಿತು. ಕೆಂಚಿ ಒಬ್ಬ ಆಳಿನ ಕಾಲು ಕಚ್ಚಿದಳು. ಅವನು ಅವಳನ್ನು ಒದ್ದು ಒಲೆಗುಂಡಿಯ ಪಕ್ಕಕ್ಕೆ ಉರುಳಿಸಿದ. ಒಂದು ಗೇಣು ಆಚೆ ಬಿದ್ದಿದ್ದರೆ ಕೆಂಡದೊಳಗೆ ಬೀಳುತ್ತಿದ್ದಳು.

ಮಕ್ಕಳು ನೋಡುತ್ತಿದ್ದರು. ಅವರ ಪಾಳಿಯೂ ಬಂತು.

"ಏಳ್ರೋ ಎಲ್ಲರೂ! ಹೊಳೆಗೆ ನಡೀರಿ!"

ನೂರಾ ಒಂಬತ್ತು ಮಕ್ಕಳನ್ನು ದಂಡೆಯ ಮೇಲೆ ಬಗ್ಗಿಸಿ ನಿಲ್ಲಿಸಿದರು. ಬಕೀಟಿನಲ್ಲಿ ಉಪ್ಪು ಕಲಸಿ ಚೊಂಬು ಚೊಂಬು ಕುಡಿಸಿದರು. ಗಂಟಲಿಗೆ ಬೆರಳು ಹಾಕಿಸಿದರು. ಹಾಕಿಕೊಳ್ಳದವರ ಬಾಯಿಗೆ ಅಪ್ಪಂದಿರೇ ಬೆರಳು ಹಾಕಿದರು. ಆರು ವರ್ಷದ ಕೂಸುಗಳು ಅಳುತ್ತಾ ಕಕ್ಕಿದವು, ಕಕ್ಕುತ್ತಾ ಅತ್ತವು. ಗೌಡ ತನ್ನ ಮೊಮ್ಮಗಳ ಜುಟ್ಟು ಹಿಡಿದು ಬಗ್ಗಿಸಿದ. "ತಾತ, ಬರೀ ನೀರು ಬರ್ತೈತೆ ತಾತ" ಅಂತ ಅವಳು ಚೀರಿದಳು. "ಇನ್ನೂ ಬರ್ಲಿ" ಅಂದ. ಬಿಳಿ ಅನ್ನ ನೀರಿನ ಮೇಲೆ ತೇಲಿತು. ಮೀನು ಬಂದವು.

ಕಕ್ಕಿ ಸುಸ್ತಾದ ಮಕ್ಕಳು ಗೌಡನನ್ನು ಬೈಯಲಿಲ್ಲ, ಅಪ್ಪಂದಿರನ್ನೂ ಬೈಯಲಿಲ್ಲ. ಕೆಂಚಿಯ ಕಡೆ ತಿರುಗಿದರು. "ನಿನ್ನಿಂದಲೇ ಕಣೇ" ಅಂತ ಒಬ್ಬಳು ಕಲ್ಲೆಸೆದಳು. ಆಮೇಲೆ ಎಲ್ಲರೂ ಎಸೆದರು. ದೊಡ್ಡವರು ತಡೆಯಲಿಲ್ಲ.

ಉಳಿದ ಅನ್ನ ಅರ್ಧ ಕೊಪ್ಪರಿಗೆ ಇತ್ತು. "ಪಾತ್ರೆ ಏನ್ ಮಾಡೋದು ಗೌಡ್ರೇ?" ಅಂತ ಅಡಿಗೆಯವನು ಕೇಳಿದ. "ಹರಿಹರದ ಪೇಟೇಲಿ ಶಬ್ಬೀರ್ ಅದಾನೆ. ಕಲಾಯಿ ಹಾಕಿಸಿದ್ರೆ ಮಡಿ ಆಗ್ತೈತೆ" ಅಂದ ಗೌಡ. ಅನ್ನವನ್ನು ನೆಲಕ್ಕೆ ಬೋರಲು ಹಾಕಿದರು. ತಾಯಿ ಮಗಳು ತಿನ್ನಬಾರದೆಂದು ಅದರ ಮೇಲೆ ಮೂರು ಬುಟ್ಟಿ ಮರಳು ಸುರಿದು ಕಾಲಿನಿಂದ ಕಲಸಿದರು. ಮಕ್ಕಳಿಗೆ ಸ್ನಾನ ಮಾಡಿಸಿ, ಗಂಜಲ ಚಿಮುಕಿಸಿ, ಪೇಟೆಯಿಂದ ಮೂಟೆ ಮಂಡಕ್ಕಿ ತರಿಸಿ ಹಂಚಿದರು. ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಪ್ರವಾಸ ನಿಲ್ಲಲಿಲ್ಲ.

ಹೊಳೆ ದಂಡೆಯಲ್ಲಿ ಇಬ್ಬರೇ ಉಳಿದರು. ಯಲ್ಲಕ್ಕ ಸೆರಗು ಹರಿದು, ಎರಡು ಸೌದೆಯ ಸೀಳು ಇಟ್ಟು, ಕೈಯನ್ನು ಮಗಳಿಂದ ಬಿಗಿಸಿಕೊಂಡಳು. ನೋವಿಗೆ ಕಣ್ಣು ಕತ್ತಲಿಟ್ಟಿತು.

"ಅವ್ವ, ಹಸಿವು" ಅಂದಳು ಕೆಂಚಿ. ಹೇಳಿ, ಹೇಳಬಾರದಿತ್ತು ಅನ್ನುವಂತೆ ತಲೆ ತಗ್ಗಿಸಿದಳು.

ಯಲ್ಲಕ್ಕ ಮರಳು ಕಲಸಿದ ಅನ್ನವನ್ನು ಬಲಗೈಯಲ್ಲಿ ಹಿಡಿಹಿಡಿಯಾಗಿ ಹೊಳೆಗೆ ಒಯ್ದು ನೀರಿನಲ್ಲಿ ಅಲುಗಿಸಿದಳು. ಮರಳು ಇಳಿಯಿತು, ಅರ್ಧ ಅನ್ನವೂ ಹೋಯಿತು. ಉಳಿದದ್ದನ್ನು ಮಗಳ ಬಾಯಿಗಿಟ್ಟಳು. ಕೆಂಚಿ ಅಗಿಯುವಾಗ ಹಲ್ಲಿಗೆ ಮರಳು ಕರಕರ ಅಂದಿತು. ದೂರದಲ್ಲಿ ರೈಲು ಕೂಗಿತು. ಅವಳು ಅಗಿಯುವುದನ್ನು ನಿಲ್ಲಿಸಿ ಕೇಳಿದಳು. ಸದ್ದು ದಾವಣಗೆರೆಯ ಕಡೆ ಸಣ್ಣದಾಗುತ್ತಾ ಹೋಯಿತು.

"ಸುಳ್ಳು ಅಂದಿದ್ರೆ ಆಗ್ತಿತ್ತಲ್ಲವ್ವ. ನಾನೇನೂ ಅಳ್ತಿರಲಿಲ್ಲ."

"ಗೊತ್ತು" ಅಂದಳು ಯಲ್ಲಕ್ಕ. "ಅದಕ್ಕೇ ಅನ್ನಲಿಲ್ಲ."

ಸುದ್ದಿ ಅವರಿಗಿಂತ ಮೊದಲು ಕೇರಿ ಮುಟ್ಟಿತ್ತು. ಗೌಡನ ಆಳು ಬಂದು ಸಾರಿ ಹೋಗಿದ್ದ. ಕೇರಿಯವರಿಗೆ ಕೊಯ್ಲಿನ ಕೆಲಸ ಇಲ್ಲ, ಅಂಗಡಿಯಲ್ಲಿ ಉಪ್ಪು ಮೆಣಸು ಇಲ್ಲ, ಊರ ಕೆರೆಯ ದಾರಿ ಇಲ್ಲ. ಭಾನುವಾರವೆಲ್ಲ ಕೇರಿಯ ಜನ ಯಲ್ಲಕ್ಕನ ಗುಡಿಸಿಲ ಮುಂದೆ ನಿಂತು ಬೈದರು. "ನಿನ್ನ ಮಗಳು ಅಮಲ್ದಾರಳಾಗ್ಲಿ ಅಂತ ನಮ್ಮ ಮಕ್ಕಳು ಸಾಯಬೇಕೇನೇ?" ಅಂದರು ಹೆಂಗಸರು. ಸಣ್ಣತಿಮ್ಮಪ್ಪ ಮಾತ್ರ ಬೈಯಲಿಲ್ಲ. ಮುರಿದ ಕೈಗೆ ಬಿದಿರ ದಬ್ಬೆ ಕಟ್ಟಿ, ಮೊಟ್ಟೆಯ ಲೋಳೆ ಮೆತ್ತಿದ.

"ನಾಳೆ ಹೋಗಿ ಗೌಡನ ಕಾಲಿಗೆ ಬೀಳು" ಅಂದ.

"ನಾಳೆ ಸೋಮವಾರ ಮಾವ. ನಾಳೆ ಇಸ್ಕೂಲು ಐತೆ."

ಸೋಮವಾರ ಯಲ್ಲಕ್ಕ ಮಗಳನ್ನು ಕರೆದುಕೊಂಡು ಶಾಲೆಗೆ ಹೋದಳು. ಕೆಂಚಿ ಜಗಲಿಯ ಮುಂದೆ ನಿಂತಳು, ಅವ್ವನ ಮುಖ ನೋಡಿದಳು. ಅವ್ವ ತಲೆಯಾಡಿಸಿದಳು. ಕೆಂಚಿ ಹೊಸ್ತಿಲು ದಾಟಿ ಒಳಗೆ ಹೋಗಿ, ಹಲಗೆ ಪೂರಾ ಕಾಣುವ ಕಡೆ ಕೂತಳು. ಒಳಗಿದ್ದ ಮಕ್ಕಳು ಎದ್ದು ಗೋಡೆಗೆ ಒತ್ತಿಕೊಂಡರು. ಕೆಲವರು ಮನೆಗೆ ಓಡಿದರು.

ಮಾಸ್ತರು ಹಾಜರಿ ಪುಸ್ತಕ ತೆರೆದರು. ಒಂದೊಂದೇ ಹೆಸರು ಕೂಗಿದರು. ನಾಲ್ಕನೇ ಕ್ಲಾಸು ಮುಗಿಯಿತು. ಕೆಂಚಮ್ಮನ ಹೆಸರು ಬರಲಿಲ್ಲ. ಅವರು ಪುಸ್ತಕ ಮುಚ್ಚಿದರು.

"ಒಂದು ಹೆಸರು ಬಿಟ್ರಿ ಮೇಷ್ಟ್ರೇ" ಅಂದಳು ಯಲ್ಲಕ್ಕ, ಅಂಗಳದಿಂದ.

"ಆ ಹೆಸರು ಈಗಿಲ್ಲ. ಹೊಡೆದು ಹಾಕೈತೆ. ಹೋಗು ಯಲ್ಲಕ್ಕ, ನನಗೂ ಹೆಂಡರು ಮಕ್ಕಳು ಅದಾರೆ."

"ಒಟ್ಟಿಗೆ ಕೂತು ಉಂಡ್ರೆ ಒಳಗೆ ಕೂರಿಸ್ತೀನಿ ಅಂದಿದ್ರಿ. ಎಲ್ಲರೂ ಕೂತ್ರು. ನನ್ನ ಅಕ್ಕಿ ಉಂಡ್ರು. ಕಕ್ಕಿದ್ರೆ ಉಂಡಿದ್ದು ಸುಳ್ಳಾಗ್ತೈತಾ? ಬರೀರಿ. ನಾನು ಇಲ್ಲೇ ನಿಂತಿರ್ತೀನಿ."

ಮಾಸ್ತರು ಸಂಜೆಯವರೆಗೂ ಬರೆಯಲಿಲ್ಲ. ಯಲ್ಲಕ್ಕ ಸಂಜೆಯವರೆಗೂ ನಿಂತಳು. ಮಂಗಳವಾರವೂ ಅವರು ಬರೆಯಲಿಲ್ಲ. ಮಂಗಳವಾರವೂ ಅವಳು ನಿಂತಳು. ಕೈ ಊದಿ ಬಾಳೆದಿಂಡಿನಂತಾಗಿತ್ತು. ಕೆಂಚಿ ಒಳಗೆ ಹೆಸರಿಲ್ಲದೆ ಕೂತು, ಹಲಗೆಯ ಮೇಲಿನ ಲೆಕ್ಕ ಎಲ್ಲರಿಗಿಂತ ಮೊದಲು ಮಾಡಿ ಮುಗಿಸಿದಳು. ಯಾರೂ ಅವಳ ಪಾಟಿ ನೋಡಲಿಲ್ಲ.

ಬುಧವಾರ ಶಾಲೆಯ ಬಾಗಿಲ ತುಂಬ ಜಾಲಿಮುಳ್ಳು ಹೇರಿದ್ದರು. ಆಳೆತ್ತರ. ಸುತ್ತ ಊರಿನ ಗಂಡಸರು ಕೋಲು ಹಿಡಿದು ಕೂತು ಬೀಡಿ ಸೇದುತ್ತಿದ್ದರು. ಕೆಂಚಿ ಪಾಟಿ ಚೀಲವನ್ನು ನೆಲಕ್ಕಿಟ್ಟಳು. ಯಲ್ಲಕ್ಕ ಸೀರೆ ಎತ್ತಿಕಟ್ಟಿ, ಯಾರ ಮುಖವನ್ನೂ ನೋಡದೆ, ಉಳಿದ ಒಂದು ಕೈಯಿಂದ ಮೊದಲ ಕೊಂಬೆ ಹಿಡಿದು ಎಳೆದಳು.